ಮೆಹರುನ್ನೀಸಾ ಬಿಟ್ಟ ಹೊಲಿಗೆ

ಶಿವಾಜಿನಗರದ ಬ್ರಾಡ್‌ವೇ ರಸ್ತೆಯ ಹಿಂದೊಂದು ಗಲ್ಲಿಯಿದೆ. ಅಲ್ಲಿ ತೌಹೀದನ ಮೋಟಾರು ಬಿಡಿಭಾಗಗಳ ಅಂಗಡಿ. ಅಂಗಡಿಯ ಮೇಲಿನ ಮಹಡಿಯಿಂದ ಆಗಾಗ ಧಡಧಡ ಸದ್ದು ಕೇಳಿಬರುತ್ತದೆ. ಹೊಸ ಗಿರಾಕಿಗಳು ಬೆಚ್ಚಿ ಮೇಲೆ ನೋಡುತ್ತಾರೆ, ಹಳಬರು ನೋಡುವುದಿಲ್ಲ. ತೌಹೀದ್ ಮಾತ್ರ ಕಪಾಟಿನಿಂದ ಉರುಳಿದ ನಟ್ಟುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ಹೊರಗೆ ಮಳೆ ಬರುತ್ತಿದೆ ಎನ್ನುವಷ್ಟೇ ಸಹಜವಾಗಿ, ಮೇಲೆ ಟ್ರಯಲ್ ನಡೆಯುತ್ತಿದೆ ಎಂದು ಹೇಳುತ್ತಾನೆ.

ಮೇಲಿರುವವರು ಮೆಹರುನ್ನೀಸಾ. ಐವತ್ತೆರಡು ವರ್ಷ. ಭರತನಾಟ್ಯದ ಉಡುಪು ಹೊಲಿಯುವುದು ಅವರ ಇಪ್ಪತ್ತೇಳು ವರ್ಷಗಳ ಕಸುಬು. ಹಲಸೂರು, ಬೆನ್ಸನ್ ಟೌನ್, ಇಂದಿರಾನಗರ, ಈಚೆಗೆ ಸಿ.ವಿ. ರಾಮನ್ ನಗರ, ಇಲ್ಲೆಲ್ಲ ರಂಗಪ್ರವೇಶ ಮಾಡಿದ ಹುಡುಗಿಯರಲ್ಲಿ ಎಷ್ಟು ಜನ ಆಮೇಲೂ ಕುಣಿದರೋ ಹೇಳುವುದು ಕಷ್ಟ. ಆದರೆ ಅವರಲ್ಲಿ ಎಷ್ಟು ಜನ ಈ ಮಹಡಿ ಹತ್ತಿ, ಕೈಗಳನ್ನು ಸೊಂಟಕ್ಕಿಟ್ಟು, ಮಂಡಿಗಳನ್ನು ಎರಡು ಬದಿಗೆ ಬಾಗಿಸಿ, ಅರ್ಧ ಕೂತು ಕಾಲು ತಟ್ಟಿ ತೋರಿಸಿದ್ದಾರೆ ಎಂಬುದಕ್ಕೆ ತೌಹೀದನ ಕಪಾಟೇ ಸಾಕ್ಷಿ.

ಹಾಗೆ ಅರ್ಧ ಕೂರುವುದಕ್ಕೆ ಅರೆಮಂಡಿ ಎನ್ನುತ್ತಾರೆ. ನಾಟ್ಯದ ಮುಕ್ಕಾಲು ಪಾಲು ನಡೆಯುವುದು ಆ ಭಂಗಿಯಲ್ಲೇ. ಉಡುಪು ದೂರದಿಂದ ನೋಡುವವರಿಗೆ ಸೀರೆ ಉಟ್ಟಂತೆ ಕಾಣುತ್ತದೆ, ಒಳಗೆ ಅದೊಂದು ಪೈಜಾಮ. ಎರಡು ಕಾಲುಗಳ ನಡುವೆ ನೆರಿಗೆ ಹಿಡಿದ ರೇಷ್ಮೆಯ ಬೀಸಣಿಗೆ. ಹುಡುಗಿ ಕೂತಾಗ ಅದು ಅರಳಬೇಕು, ಎದ್ದಾಗ ಮುಚ್ಚಿಕೊಳ್ಳಬೇಕು. ಈ ಬೀಸಣಿಗೆಯ ಅಂಚು ಮೊಣಕಾಲಿನ ಒಳಮಗ್ಗುಲಿಗೆ ಸೇರುವಲ್ಲಿ ಎರಡು ಕಡೆಯೂ ಒಂದೊಂದು ಗೇಣುದ್ದದ ಹೊಲಿಗೆಯಿದೆ. ಅದು ಒಂದು ಬೆರಳು ಮೇಲಾದರೆ ಬೀಸಣಿಗೆ ಬಿಗಿದು ಹರಿಯುತ್ತದೆ. ಒಂದು ಬೆರಳು ಕೆಳಗಾದರೆ ಜೋತು ಬಿದ್ದು ಕಾಲಿಗೆ ತೊಡರುತ್ತದೆ.

ಮೆಹರುನ್ನೀಸಾ ಅವರ ಅತ್ತೆ ಶಂಶುನ್ನೀಸಾ ಈ ಕಸುಬು ಶುರುಮಾಡಿದ ಕಾಲಕ್ಕೆ ಒಮ್ಮೆ ಹೀಗೇ ಆಗಿತ್ತಂತೆ. ಹಲಸೂರಿನ ಒಂದು ಸಭಾಂಗಣದಲ್ಲಿ, ತುಂಬಿದ ಜನರೆದುರು, ಹನ್ನೊಂದು ವರ್ಷದ ಹುಡುಗಿ ಮೊದಲ ಅರೆಮಂಡಿಗೆ ಕೂತಳು. ಚರ್ ಎಂದಿತು. ಮರುದಿನ ನಾಟ್ಯದ ಮೇಷ್ಟ್ರು ಬಂದು, ಒಂದು ಮಾತೂ ಬೈಯದೆ, ಉಡುಪನ್ನು ನೀಟಾಗಿ ಮಡಿಸಿ ಹೊಲಿಗೆ ಯಂತ್ರದ ಮೇಲಿಟ್ಟು ಹೋದರು. ಬೈದಿದ್ದರೆ ಅತ್ತೆ ಮರೆಯುತ್ತಿದ್ದರೋ ಏನೋ. ಅಂದಿನಿಂದ ಆ ಮನೆಯಲ್ಲಿ ಎರಡು ಕಾನೂನು. ಅಳತೆ ತೆಗೆಯುವುದು ಹುಡುಗಿ ಕೂತಾಗಲೇ. ಮತ್ತೆ, ಮೊಣಕಾಲಿನ ಆ ಎರಡು ಗೇಣು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ನಿಲ್ಲಬೇಕು. ಹುಡುಗಿ ಉಡುಪು ತೊಟ್ಟು, ಎದುರಿಗೆ ಕೂತು ತೋರಿಸಿದ ಮೇಲಷ್ಟೇ ಪಕ್ಕಾ ಹೊಲಿಗೆ. ಮಂತ್ರಿಯ ಮಗಳಾದರೂ ಸರಿ, ಕೂತು ತೋರಿಸಬೇಕು.

ಇವರು ಹೊಲಿದ ಉಡುಪುಗಳಲ್ಲಿ ಅರ್ಧಕ್ಕರ್ಧ ಹೋಗುತ್ತಿದ್ದುದು ಕಮರ್ಷಿಯಲ್ ಸ್ಟ್ರೀಟಿನ ‘ನಾಟ್ಯಾಲಂಕಾರ’ಕ್ಕೆ. ಅದರ ಮಾಲೀಕರು ದತ್ತು. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ಮೂರು ಸಾಲು ಇವೆ: ಸಂಸ್ಥಾಪಕರು, ರಫ್ತುದಾರರು, ಸಾಂಸ್ಕೃತಿಕ ರಾಯಭಾರಿ. ಮೂರನೆಯದನ್ನು ಅವರಿಗೆ ಯಾರು ಕೊಟ್ಟರು ಎಂದು ಕೇಳುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ. ಕೆಟ್ಟ ಮನುಷ್ಯರೇನಲ್ಲ. ಮೆಹರುನ್ನೀಸಾ ಅವರ ಗಂಡ ತೀರಿಕೊಂಡ ವರ್ಷ, ಕೇಳುವ ಮೊದಲೇ ಮೂರು ತಿಂಗಳಿಗಾಗುವಷ್ಟು ಕೆಲಸ ತಂದು ಹಾಕಿದ್ದರು. ಆದರೆ ಉಡುಪಿನ ಒಳಗೆ ಅವರ ಅಂಗಡಿಯ ಚೀಟಿಯೇ ಇರುತ್ತಿತ್ತು. ಹೊಲಿದವರು ಯಾರೆಂದು ಯಾರಾದರೂ ಕೇಳಿದರೆ, ನಮ್ಮ ಯೂನಿಟ್ ಎನ್ನುತ್ತಿದ್ದರು.

ಒಂದು ದಿನ ಮೆಹರುನ್ನೀಸಾ ಅದೇ ಅಂಗಡಿಗೆ ಹೋಗಿದ್ದಾಗ ಯಾರೋ ತಾಯಿಯೊಬ್ಬರು ಹಸಿರು ಉಡುಪನ್ನು ಎತ್ತಿ ಹಿಡಿದು, ಪಕ್ಕದಲ್ಲಿ ನಿಂತಿದ್ದ ಇವರಿಗೇ ಹೇಳಿದರು: ಇಂಥ ಕೆಲಸ ನಮ್ಮ ಊರಿನವರ ಕೈಲಿ ಆಗಲ್ಲ ಬಿಡಿ, ಇದು ಚೆನ್ನೈಯಿಂದ ಬಂದಿರೋದು. ದತ್ತು ತಲೆಯಾಡಿಸಿದರು. ಆ ಹಸಿರು ಉಡುಪಿಗೆ ಮೆಹರುನ್ನೀಸಾ ನಾಲ್ಕು ದಿನ ಕೂತಿದ್ದರು. ತಂದಿದ್ದ ಕೆಲಸ ಒಪ್ಪಿಸಿ ಮನೆಗೆ ಬಂದರು. ಅನಂತರ ಎರಡು ದಿನ ಪಾತ್ರೆಗಳನ್ನು ಇಡುವಾಗ ಸ್ವಲ್ಪ ಹೆಚ್ಚೇ ಸದ್ದಾಗುತ್ತಿತ್ತು ಎಂದು ಮಗಳು ರುಕ್ಸಾರ್ ಹೇಳುತ್ತಾಳೆ.

ಇಂಥ ಹೊತ್ತಿಗೆ ಜರ್ಮನಿಯಿಂದ ರೇವತಿಯ ಫೋನು ಬಂತು. ರೇವತಿ ಹಲಸೂರಿನವಳು. ಹನ್ನೆರಡನೆಯ ವಯಸ್ಸಿನಲ್ಲಿ ಇದೇ ಮಹಡಿಯಲ್ಲಿ ಕೂತು ತೋರಿಸಿದ್ದವಳು. ಈಗ ಅಲ್ಲಿನ ಒಂದು ಸಣ್ಣ ಊರಿನಲ್ಲಿ ನಾಟ್ಯ ಕಲಿಸುತ್ತಾಳೆ. ನಾಟ್ಯಾಲಂಕಾರದಿಂದ ತರಿಸಿದ್ದ ಉಡುಪೊಂದನ್ನು ಏಕೋ ಒಳಬದಿಗೆ ತಿರುಗಿಸಿ ನೋಡಿದಳಂತೆ. ರವಿಕೆಯ ಮಗ್ಗುಲಲ್ಲಿ ಎರಡೆರಡು ಅಂಗುಲ ಬಟ್ಟೆ ಒಳಗೆ ಮಡಿಸಿತ್ತು. ಹುಡುಗಿ ಬೆಳೆದರೆ ಬಿಚ್ಚಿಕೊಳ್ಳಲಿ ಎಂದು ಹಾಗೆ ಬಟ್ಟೆ ಬಿಡುವವರು ಅವಳಿಗೆ ಗೊತ್ತಿದ್ದ ಹಾಗೆ ಒಬ್ಬರೇ.

“ಆಂಟಿ, ಇದು ನಿಮ್ಮ ಕೈ ಅಲ್ವಾ?” ಎಂದಳು.

ಅವಳ ಹನ್ನೊಂದು ಶಿಷ್ಯೆಯರಿಗೆ ಆ ಊರಿನ ನಗರಸಭೆಯವರು ಪುರಭವನದಲ್ಲಿ ಕಾರ್ಯಕ್ರಮ ಕೊಟ್ಟಿದ್ದರು. ಉಡುಪಿನ ಖರ್ಚೂ ಅವರದೇ. ಆದರೆ ಒಂದು ಷರತ್ತು: ಬಿಲ್ಲಿನಲ್ಲಿ ಮಾರುವವರ ಹೆಸರಿನ ಬದಲು ಹೊಲಿಯುವವರ ಹೆಸರೇ ಇರಬೇಕು, ಅವರೇ ಕಳಿಸಬೇಕು. ಅದು ಆಗದಿದ್ದರೆ ರೇವತಿ ತನ್ನ ಕೈಯಿಂದಲೇ ಖರ್ಚು ಮಾಡಿ ಎಂದಿನಂತೆ ದತ್ತು ಅವರಿಂದ ತರಿಸಿಕೊಳ್ಳಬೇಕು. ಸಮಯ ಎರಡು ತಿಂಗಳು. ನಿಮ್ಮ ಕೈಲಾಗುತ್ತಾ ಎಂದು ರೇವತಿ ಕೇಳಿದಳು. ಮೆಹರುನ್ನೀಸಾ ಆಗುತ್ತೆ ಎಂದರು. ಏನು ಆಗಬೇಕು ಎಂಬುದು ಆಗ ಅವರಿಗೆ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಳ್ಳಲು ತಾಯಿ ಮಗಳು ಇಂದಿರಾನಗರದ ಒಂದು ಹೋಟೆಲಿಗೆ ಹೋದರು. ‘ಸಾಂಸ್ಕೃತಿಕ ಉದ್ಯಮಗಳು ಮತ್ತು ಜಾಗತಿಕ ಮಾರುಕಟ್ಟೆ’ ಎಂಬ ಒಂದು ದಿನದ ಕಾರ್ಯಾಗಾರ. ಪ್ರವೇಶ ಉಚಿತ, ಊಟ ಉಂಟು. ವೇದಿಕೆಯ ಮೇಲೆ ಐದು ಜನ, ಐವರ ಮುಂದೆಯೂ ನೀರಿನ ಬಾಟಲಿ. ಅವರಲ್ಲಿ ಒಬ್ಬರೂ ಈವರೆಗೆ ಏನನ್ನೂ ಎಲ್ಲಿಗೂ ಕಳಿಸಿದವರಲ್ಲ ಎಂದು ಪರಿಚಯ ಭಾಷಣದಿಂದ ತಿಳಿಯಿತು. ಹಾಗಂತ ಎಲ್ಲವೂ ಟೊಳ್ಳಾಗಿರಲಿಲ್ಲ. ಒಬ್ಬ ವಯಸ್ಸಾದ ಅಧ್ಯಾಪಕರು ಸಣ್ಣ ಸಣ್ಣ ದೇಶಗಳ ವಿಚಾರ ಹೇಳಿದರು. ಅವರ ಹಾಡು, ಬಟ್ಟೆ, ಸಿನಿಮಾ ಎಲ್ಲರಿಗೂ ಇಷ್ಟವೇ. ಆದರೆ ಅವು ಹೊರಟು ಬಂದು ದೊಡ್ಡ ದೇಶಗಳ ಹೊಸ್ತಿಲಲ್ಲಿ ಕಾಗದಕ್ಕಾಗಿ ಕಾಯುತ್ತ ಕೂರುತ್ತವೆ. ಬಾಗಿಲು ತೆರೆದೇ ಇರುತ್ತದೆ, ಬಾಗಿಲಿನ ಅಳತೆ ಮಾತ್ರ ಅವರದು ಎಂದರು. ಮೆಹರುನ್ನೀಸಾ ಆ ಮಾತನ್ನು ಮೆಚ್ಚಿದರು. ಅಳತೆಯ ಬಗ್ಗೆ ತಿಳಿದವರು ಎಂದು ಮಗಳ ಕಿವಿಯಲ್ಲಿ ಹೇಳಿದರು.

ಪ್ರಶ್ನೋತ್ತರದಲ್ಲಿ ಅವರು ಎದ್ದುನಿಂತು, ಮೈಕು ಬಾಯಿಗೆ ತೀರ ಹತ್ತಿರ ಹಿಡಿದು ಕೇಳಿದ್ದು ಒಂದೇ: “ಅಲ್ಲಿ ಹುಡುಗೀನ ಕೂರಿಸಿ ನೋಡೋರು ಯಾರು?”

ವೇದಿಕೆಯ ಐವರೂ ನೀರಿನ ಬಾಟಲಿಗೆ ಕೈ ಹಾಕಿದರು. ನಿರೂಪಕಿ, ಬಹಳ ಮೂಲಭೂತವಾದ ಪ್ರಶ್ನೆ ಎಂದು ಹೊಗಳಿ, ಮುಂದಿನ ಪ್ರಶ್ನೆಗೆ ಹೋದರು.

ಆದರೂ ಉಪಯೋಗವಾಯಿತು. ರಫ್ತು ಮಾಡುವವರಿಗೆ ಒಂದು ಸರ್ಕಾರಿ ನಂಬರು ಬೇಕು ಎಂಬುದು ಊಟದ ಸಾಲಿನಲ್ಲಿ ಗೊತ್ತಾಯಿತು. ರುಕ್ಸಾರ್ ಮೊಬೈಲಿನಲ್ಲೇ ಅರ್ಜಿ ಹಾಕಿ, ನಂಬರು ತರಿಸಿ, ಅದನ್ನು ಅಮ್ಮಿಯ ಹೆಸರಿನೊಂದಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕನ್ನಡಿಯ ಪಕ್ಕ ಅಂಟಿಸಿದಳು. ಮುಂದೆ ಚೀಟಿಯ ಸಮಸ್ಯೆ. ಉಡುಪಿನ ಒಳಗೆ ಹೊಲಿಯುವ ಚೀಟಿಯಲ್ಲಿ ರೇಷ್ಮೆ ಎಷ್ಟು, ಹತ್ತಿ ಎಷ್ಟು, ಒಗೆಯುವುದು ಹೇಗೆ, ಎಲ್ಲ ಬರೆಯಬೇಕಂತೆ. ಒಗೆಯುವುದು ಹೇಗೆ ಎಂಬ ಪ್ರಶ್ನೆಗೆ ಮೆಹರುನ್ನೀಸಾ ಬಹಳ ಹೊತ್ತು ಯೋಚಿಸಿದರು. ಜರಿಯ ಉಡುಪನ್ನು ಯಾರೂ ಒಗೆಯುವುದಿಲ್ಲ. ನೆರಳಿನಲ್ಲಿ ಗಾಳಿಗೆ ಹಾಕುತ್ತಾರೆ, ಬೆವರಿನ ವಾಸನೆಗೆ ಮುಖ ಸಿಂಡರಿಸಿ ತಾಯಂದಿರು ಗೊಣಗುತ್ತಾರೆ, ಅಷ್ಟೇ. ಕೊನೆಗೆ ‘ಒಗೆಯಬೇಡಿ’ ಎಂದೇ ಬರೆಸಿದರು. ಅದರ ಕೆಳಗೆ: ಮೆಹರುನ್ನೀಸಾ, ಶಿವಾಜಿನಗರ, ಬೆಂಗಳೂರು. ಹನ್ನೊಂದು ಚೀಟಿ ಸಾಕಿತ್ತು. ಮುದ್ರಿಸುವವನು ನೂರಕ್ಕೆ ಕಡಿಮೆ ಮಾಡುವುದಿಲ್ಲ ಎಂದ.

ರೇವತಿ ಹನ್ನೊಂದು ಹುಡುಗಿಯರ ಅಳತೆಯನ್ನು ಕಂಪ್ಯೂಟರಿನಲ್ಲಿ ಚೌಕಚೌಕ ಮಾಡಿ ಕಳಿಸಿದಳು. ನೋಡಲು ಚಂದವಿತ್ತು. ಎಲ್ಲರನ್ನೂ ನಿಲ್ಲಿಸಿ ತೆಗೆದ ಅಳತೆ. ಮೆಹರುನ್ನೀಸಾ ಅದನ್ನು ಮುಟ್ಟಲೇ ಇಲ್ಲ. ವಿಡಿಯೋ ಕರೆ ಮಾಡಿಸಿ, ಹನ್ನೊಂದು ಮನೆಗಳ ಹನ್ನೊಂದು ಹುಡುಗಿಯರನ್ನು ಒಬ್ಬೊಬ್ಬರಾಗಿ ಅರೆಮಂಡಿಗೆ ಕೂರಿಸಿ, ಅವರ ತಾಯಂದಿರ ಕೈಗೆ ಟೇಪು ಕೊಡಿಸಿ, ಎಲ್ಲ ಹೊಸದಾಗಿ ಬರೆದುಕೊಂಡರು. ಒಬ್ಬ ತಾಯಿ ಜರ್ಮನ್ ಹೆಂಗಸು. ಅವಳೇ ಎಲ್ಲರಿಗಿಂತ ಸರಿಯಾಗಿ ಹಿಡಿದಳು ಎಂದು ಮೆಹರುನ್ನೀಸಾ ಉಳಿದ ಹತ್ತು ಜನರಿಗೆ ಕೇಳಿಸುವಂತೆಯೇ ಹೇಳಿದರು.

ಏಳು ವಾರ ಕೆಲಸ ನಡೆಯಿತು. ಕೆಂಪಿಗೆ ಹಸಿರಂಚು ಆರು, ನೀಲಿಗೆ ಕೇಸರಿಯಂಚು ಐದು. ಕೊನೆಯ ಉಡುಪನ್ನು ಇಸ್ತ್ರಿ ಮಾಡಿ ಇಟ್ಟು ಮುಗೀತು ಎಂದರು. ರುಕ್ಸಾರ್ ಎಲ್ಲವನ್ನೂ ಕಾಗದ ಹಾಕಿ ಮಡಿಸಿ, ಪೆಟ್ಟಿಗೆ ತುಂಬಿ, ಟೇಪು ಅಂಟಿಸಿದಳು. ಗುರುವಾರ ಬೆಳಿಗ್ಗೆ ಇಬ್ಬರೂ ಹಲಸೂರಿನಲ್ಲಿ ಮೆಟ್ರೋ ಹತ್ತಿ, ಪೆಟ್ಟಿಗೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಕೆ.ಆರ್. ಪುರದ ಏಜೆಂಟರ ಗೋದಾಮಿಗೆ ಬಂದರು. ವಿಮಾನಕ್ಕೆ ಹೋಗುವ ಸರಕಿನ ಕಾಗದಪತ್ರ ಮಾಡಿಕೊಡುವ ಕಚೇರಿ ಅದು. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿಂದ ವ್ಯಾನು ಹೊರಡುತ್ತದೆ. ಅದು ತಪ್ಪಿದರೆ ಮುಂದಿನದು ಸೋಮವಾರ, ಆಗ ಕಾರ್ಯಕ್ರಮದ ಹೊತ್ತಿಗೆ ಉಡುಪು ಮುಟ್ಟುವುದಿಲ್ಲ.

ಏಜೆಂಟರ ಪರವಾಗಿ ಸರಕು ತೆರೆದು ನೋಡುವ ಗುಮಾಸ್ತರು ವೀರಣ್ಣ. ಧಾರವಾಡ ಕಡೆಯವರು. ಮೂವತ್ತೊಂದು ವರ್ಷಗಳಿಂದ ಆ ಕೆಲಸದಲ್ಲಿದ್ದಾರೆ. ಸುಂಕದ ನಿಯಮಗಳ ದಪ್ಪ ಪುಸ್ತಕವೊಂದು ಅವರ ಮೇಜಿನ ಮೇಲೆ ಸದಾ ಇರುತ್ತದೆ. ಕಂಪ್ಯೂಟರು ಬಂದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಆದರೂ ಅವರು ದಿನವೂ ಅದರ ಧೂಳು ಒರೆಸುತ್ತಾರೆ, ಒರೆಸುವಾಗ ಕಚೇರಿಯ ಹುಡುಗರು ನೋಡುತ್ತಿದ್ದಾರೋ ಇಲ್ಲವೋ ಎಂದು ಕಣ್ಣಂಚಿನಲ್ಲಿ ಗಮನಿಸುತ್ತಾರೆ. ಕನ್ನಡಕ ಏರಿಸಿ, ಮೊದಲ ಉಡುಪು ಬಿಡಿಸಿ, ಮೊಣಕಾಲಿನ ಹತ್ತಿರ ಬೆರಳಾಡಿಸಿದರು. ಕೆಂಪು ರೇಷ್ಮೆಯ ಮೇಲೆ ಉದ್ದುದ್ದ ಬಿಳಿ ದಾರ.

“ಇದೇನ್ರೀ ಅಕ್ಕಾರ, ಅರ್ಧಾ ಹೊಲ್ದು ತಂದೀರಲ್ಲ.”

ಎರಡನೆಯದು ಬಿಡಿಸಿದರು. ಅದೂ ಹಾಗೇ. ಹನ್ನೊಂದೂ ಹಾಗೇ.

ಆಗ ಮೆಹರುನ್ನೀಸಾ ಅವರ ಮುಖ ನೋಡಬೇಕಿತ್ತು ಎನ್ನುತ್ತಾಳೆ ರುಕ್ಸಾರ್. ಇಪ್ಪತ್ತೇಳು ವರ್ಷ ಮಾಡಿದ್ದನ್ನೇ ಕೈ ಮಾಡಿತ್ತು. ಹುಡುಗಿ ಟ್ರಯಲ್‌ಗೆ ಬರುತ್ತಾಳೆ, ಆಮೇಲೆ ಪಕ್ಕಾ ಮಾಡಿದರಾಯಿತು. ಬರುವ ಹುಡುಗಿ ಸಮುದ್ರದ ಆಚೆ ಇದ್ದಾಳೆ ಎಂಬುದನ್ನು ಕೈಗೆ ಯಾರೂ ಹೇಳಿರಲಿಲ್ಲ. ನಿಂತು ತೆಗೆದ ಅಳತೆಯನ್ನು ಮುಟ್ಟದ ಹೆಂಗಸು, ಚೀಟಿಯಲ್ಲಿ ಒಗೆಯುವ ಮಾತಿಗೂ ಅಷ್ಟು ಹೊತ್ತು ಯೋಚಿಸಿದ ಹೆಂಗಸು, ಇದನ್ನು ಹೇಗೆ ಮರೆತರು ಎಂದು ಮಗಳು ಬಾಯಿಬಿಟ್ಟು ಕೇಳಿಯೇಬಿಟ್ಟಳು.

ಏಜೆಂಟರು ಬಂದರು. ಸಿದ್ಧ ಉಡುಪು ಎಂದು ಬರೆದುಕೊಟ್ಟು ಅರೆಬರೆ ಸರಕು ತಂದರೆ ತನ್ನ ಲೈಸೆನ್ಸಿಗೇ ಸಂಚಕಾರ ಎಂದರು. ಎರಡು ಗಂಟೆಯೊಳಗೆ ಹೊಲಿದು ಮುಗಿಸಿ, ಸೂಜಿ ದಾರ ತರಿಸಿಕೊಡುತ್ತೇನೆ ಎಂದೂ ಹೇಳಿದರು. ಒಳಗೆ ಹೋಗಿ, ತನ್ನ ಖಾಯಂ ಗಿರಾಕಿಯಾದ ದತ್ತು ಅವರಿಗೆ ಫೋನು ಮಾಡಿ ಈ ಸ್ವಾರಸ್ಯವನ್ನು ತಿಳಿಸಿದರು. ಐದು ನಿಮಿಷದಲ್ಲಿ ರುಕ್ಸಾರಳ ಫೋನು ರಿಂಗಾಯಿತು. ದತ್ತು ಅವರ ದನಿಯಲ್ಲಿ ಆಸ್ಪತ್ರೆಗೆ ನೋಡಲು ಬಂದವರ ಮೃದುತ್ವವಿತ್ತು. ನನ್ನ ಹುಡುಗ ಯಂತ್ರ ತಗೊಂಡು ಬರ್ತಾನೆ, ಹತ್ತು ನಿಮಿಷದಲ್ಲಿ ಎಲ್ಲ ಮುಚ್ಚಿಬಿಡ್ತಾನೆ, ನನ್ನ ನಂಬರಿನಲ್ಲಿ ಕಳಿಸೋಣ ಎಂದರು. ನಮ್ಮ ಅಂಗಡಿಯ ಚೀಟಿ ಹಾಕಬೇಕಾಗುತ್ತೆ, ಆದರೆ ಅದೇನು ದೊಡ್ಡ ವಿಷಯ.

“ಆಪಾ, ಹೆಸರು ಯಾರದ್ದಾದ್ರೇನು, ಸಂಸ್ಕೃತಿ ಮುಟ್ಟಬೇಕು ಅಷ್ಟೆ.”

“ಹರಿದ್ರೆ?” ಎಂದು ಕೇಳಿದರು ಮೆಹರುನ್ನೀಸಾ.

ಹರಿದರೆ ಮುಂದಿನ ವರ್ಷ ಹೊಸದು ತಗೋತಾರೆ, ಅದೂ ವ್ಯಾಪಾರವೇ ಎಂದರು ದತ್ತು. ಮೆಹರುನ್ನೀಸಾ ಫೋನನ್ನು ಮಗಳ ಕೈಗೆ ಕೊಟ್ಟುಬಿಟ್ಟರು.

ಏಜೆಂಟರ ಕಚೇರಿಯ ಬೆಂಚಿನ ಮೇಲೆ ಕೂತು, ಮೊದಲ ಕೆಂಪು ಉಡುಪನ್ನು ತೊಡೆಯ ಮೇಲೆ ಹರಡಿ, ಸೂಜಿಗೆ ದಾರ ಪೋಣಿಸಿದರು. ರುಕ್ಸಾರಳಿಗೆ ನೆಮ್ಮದಿಯಾಯಿತು. ಅಳತೆ ಇದೆ, ಕೈ ಇದೆ, ಹನ್ನೊಂದು ಉಡುಪಿಗೆ ಎರಡು ಗಂಟೆ ಧಾರಾಳ. ತಾಯಿ ಸೂಜಿಯನ್ನು ಬಟ್ಟೆಯ ಹತ್ತಿರ ತಂದರು. ಬಿಳಿ ದಾರದ ಮೇಲೆ ಹೆಬ್ಬೆರಳಿಟ್ಟರು. ಹಾಗೇ ಕೂತರು. ಗೋಡೆಯ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ಹನ್ನೆರಡಾಯಿತು.

“ಅಮ್ಮಿ, ಹೊಲಿ. ಪೆಟ್ಟಿಗೆ ನಿನ್ನ ಹೆಸರಲ್ಲೇ ಹೋಗುತ್ತೆ. ನಿನಗೆ ಬೇಕಾಗಿದ್ದು ಅದೇ ಅಲ್ವಾ?”

“ನನ್ನ ಹೆಸರಲ್ಲೇ ಹೋಗುತ್ತೆ,” ಎಂದರು ತಾಯಿ. “ಅದಕ್ಕೇ ಹೊಲಿಯಕ್ಕೆ ಆಗ್ತಿಲ್ಲ. ದತ್ತು ಭಾಯ್ ಹೆಸರಲ್ಲಿ ಹೋಗೋದಾಗಿದ್ರೆ ಕಣ್ಣು ಮುಚ್ಚಿ ಹೊಲೀತಿದ್ನೇನೋ.”

ಮೇಜಿನ ಆಚೆ ವೀರಣ್ಣ ಇದನ್ನೆಲ್ಲ ಕೇಳುತ್ತಿದ್ದರು. ಕೇಳದವರ ಹಾಗೆ ನಟಿಸುವುದು ಅವರಿಗೆ ಬರುತ್ತಿರಲಿಲ್ಲ. ಹತ್ತಿರ ಬಂದು, ಉಡುಪನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಉಳಿದದ್ದೆಲ್ಲ ಆಗೇದಲ್ಲ, ಇದೊಂದ್ಯಾಕ ಬಿಟ್ಟೀರಿ ಎಂದು ವಿಚಾರಿಸಿದರು. ಮೆಹರುನ್ನೀಸಾ ಹೇಳಿದರು. ಟ್ರಯಲ್ ಅಂದರೆ ಏನು, ಅರೆಮಂಡಿ ಅಂದರೆ ಏನು, ಒಂದು ಬೆರಳು ಮೇಲಾದರೆ ಏನು, ಅತ್ತೆಯ ಯಂತ್ರದ ಮೇಲೆ ಮಡಿಸಿಟ್ಟ ಉಡುಪು, ಎಲ್ಲ.

“ಹಂಗಾರ ಈ ಅರಿವಿ ಪೂರ್ತಿ ಆಗೇದೋ ಇಲ್ಲೋ? ಒಂದ್ ಮಾತ್ನಾಗ ಹೇಳ್ರಿ.”

“ಹುಡುಗಿ ಕೂತ ಮೇಲೆ ಪೂರ್ತಿ, ಸಾರ್.”

ವೀರಣ್ಣ ಮೇಜಿಗೆ ಹೋಗಿ ಪುಸ್ತಕ ಎತ್ತಿಕೊಂಡರು. ಮೂವತ್ತೊಂದು ವರ್ಷಗಳಲ್ಲಿ ಆ ಪುಸ್ತಕದ ಆರಂಭದಲ್ಲಿರುವ ನಿಯಮಗಳನ್ನು ಅವರು ಬಾಯಿಪಾಠ ಮಾಡಿದ್ದರು, ಮಗಳ ಮದುವೆಯ ಚಪ್ಪರದಲ್ಲೂ ಬೀಗರಿಗೆ ಹೇಳಲು ಪ್ರಯತ್ನಿಸಿದ್ದರು. ಬೀಗರು ಊಟಕ್ಕೆ ಎದ್ದುಹೋಗಿದ್ದರು. ಈಗ ಕನ್ನಡಕದ ಮೇಲಿನಿಂದ ಇಡೀ ಕಚೇರಿಯನ್ನು ಒಮ್ಮೆ ನೋಡಿ, ಪುಟ ತೆರೆಯದೆಯೇ ಹೇಳಿದರು: ವಸ್ತು ಅಪೂರ್ಣವಾಗಿದ್ದರೂ, ಪೂರ್ಣ ವಸ್ತುವಿನ ಮುಖ್ಯ ಲಕ್ಷಣ ಅದರಲ್ಲಿ ಇದ್ದರೆ, ಅದನ್ನು ಪೂರ್ಣ ಎಂದೇ ಎಣಿಸತಕ್ಕದ್ದು. ಇದು ನಮ್ಮಲ್ಲೂ ಅದ, ಅವರಲ್ಲೂ ಅದ. ಜಗತ್ತೇ ಒಪ್ಪಿದ್ದು.

ಏಜೆಂಟರು ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ ಎಂದರು. ವೀರಣ್ಣ ಷರಾ ಎಂಬ ಕಡೆ ಬೆರಳಿಟ್ಟರು. ಏಜೆಂಟರು, ಅಲ್ಲಿ ಇದುವರೆಗೆ ಯಾರೂ ಏನೂ ಬರೆದಿಲ್ಲ ಎಂದರು. ಬರೀರಿ ಈಗ, ಅದು ಖಾಲಿ ಇರಲಿಕ್ಕೆ ಇಟ್ಟದ್ದಲ್ಲ ಎಂದರು ವೀರಣ್ಣ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದು ಆ ಕಚೇರಿಯಲ್ಲಿ ಅದೇ ಮೊದಲಂತೆ. ಹೇಗೆ ಬರೆಯುವುದೆಂದು ಇಬ್ಬರೂ ಕೂತು ಇಪ್ಪತ್ತು ನಿಮಿಷ ಚರ್ಚೆ ಮಾಡಿದರು. ಕೊನೆಗೆ ಬರೆದದ್ದು ಹೀಗೆ: ಎರಡು ಸಣ್ಣ ಹೊಲಿಗೆಗಳನ್ನು ತೊಡುವವರ ಮೈಮೇಲೆ ನೋಡಿ ಮುಗಿಸಲು ಬಿಡಲಾಗಿದೆ, ಉಳಿದಂತೆ ಉಡುಪು ಸಂಪೂರ್ಣ. ಮೆಹರುನ್ನೀಸಾ ಸಹಿ ಹಾಕಿದರು. ಸಹಿಗೆ ತೆಗೆದುಕೊಂಡ ಸಮಯದಲ್ಲಿ ಒಂದು ತೋಳು ಹೊಲಿಯಬಹುದಿತ್ತು. ವ್ಯಾನು ಎರಡೂ ಹತ್ತಕ್ಕೆ ಹೊರಟಿತು.

ಅವರು ಸಹಿ ಹಾಕಿದ ಕಾಗದ ಆ ಕಡೆಯವರಿಗೆ ಒಪ್ಪಿಗೆಯಾಗುತ್ತದೋ ಇಲ್ಲವೋ ಎಂದು ಆರು ದಿನ ಯಾರಿಗೂ ಗೊತ್ತಿರಲಿಲ್ಲ. ರುಕ್ಸಾರ್ ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಪೆಟ್ಟಿಗೆ ಎಲ್ಲಿದೆ ಎಂದು ನೋಡುತ್ತಿದ್ದಳು. ತಾಯಿ ಒಮ್ಮೆಯೂ ಕೇಳಲಿಲ್ಲ, ಆದರೆ ಮಗಳು ಮೊಬೈಲು ತೆಗೆದಾಗಲೆಲ್ಲ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಮೂರು ದಿನ ಪೆಟ್ಟಿಗೆ ಅಲ್ಲಿನ ಸುಂಕದವರ ಬಳಿಯೇ ಕೂತಿತ್ತು. ಬುಧವಾರ ಸಂಜೆ ರೇವತಿಯ ಸಂದೇಶ ಬಂತು: ಮುಟ್ಟಿದೆ. ಯಾರೋ ಒಬ್ಬ ಅಧಿಕಾರಿ ಫೋನು ಮಾಡಿ, ಆ ಎರಡು ಹೊಲಿಗೆ ಯಾರು ಹಾಕುತ್ತಾರೆ ಎಂದಷ್ಟೇ ಕೇಳಿದರಂತೆ. ತಾಯಂದಿರು ಎಂದಳಂತೆ. ಅವರಿಗೆ ಅದು ಸಾಕಾಯಿತಂತೆ. ಕಾರ್ಯಕ್ರಮ ಭಾನುವಾರ.

ಗುರುವಾರ ಸಂಜೆ ಐದಕ್ಕೆ, ಅಲ್ಲಿನ ಮಧ್ಯಾಹ್ನಕ್ಕೆ, ಟ್ರಯಲ್ ಎಂದು ನಿಗದಿಯಾಯಿತು. ರೇವತಿ ಶಾಲೆಯ ಕೋಣೆಯಲ್ಲಿ ಹನ್ನೊಂದು ಹುಡುಗಿಯರನ್ನು, ಸೂಜಿ ಹಿಡಿದ ಹತ್ತು ತಾಯಂದಿರನ್ನು, ತಾಯಿಗೆ ರಜೆ ಸಿಗದ ಮನೆಯಿಂದ ಒಬ್ಬ ತಂದೆಯನ್ನು ಸೇರಿಸಿದ್ದಳು. ತಂದೆ ಕಾರು ಕಾರ್ಖಾನೆಯಲ್ಲಿ ಎಂಜಿನಿಯರಂತೆ.

ಇಲ್ಲಿ, ಸರಿಯಾಗಿ ಐದಕ್ಕೆ ಐದು ನಿಮಿಷ ಇರುವಾಗ, ದತ್ತು ಮಹಡಿ ಹತ್ತಿ ಬಂದರು. ಸಮಾಧಾನ ಹೇಳಲು ಬಂದಿದ್ದರು. ಒಂದು ಪೊಟ್ಟಣ ಬಾದಾಮಿಯನ್ನೂ ತಂದಿದ್ದರು. ಸರಕು ಮುಟ್ಟಿದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಅವರ ಮುಖದಲ್ಲಿ ಸಮಾಧಾನವನ್ನು ಎಲ್ಲಿಡುವುದು ಎಂಬ ಗೊಂದಲ ಕಾಣಿಸಿಕೊಂಡಿತು. ಹಾಗಾದ್ರೆ ಒಳ್ಳೇದೇ ಆಯ್ತು ಎಂದು ಎರಡು ಸಲ ಹೇಳಿ, ಕುರ್ಚಿ ಹುಡುಕಿದರು. ಮೆಹರುನ್ನೀಸಾ ಕುರ್ಚಿ ಕೊಡಲಿಲ್ಲ. ಅಷ್ಟು ಹೊತ್ತಿನಿಂದ ಅವರಿಗೆ ಒಂದೇ ಯೋಚನೆ: ಬೀಸಣಿಗೆಯ ಯಾವ ಅಂಚು ಮೊಣಕಾಲಿನ ಯಾವ ಜಾಗಕ್ಕೆ ತಾಗಬೇಕೆಂದು ಆ ತಾಯಂದಿರಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಯಾರಾದರೂ ಕೂತು ತೋರಿಸಬೇಕು. ರುಕ್ಸಾರ್ ಮೊಬೈಲು ಹಿಡಿಯಬೇಕು. ತಾನು ಸೂಜಿ ಹಿಡಿಯಬೇಕು.

“ದತ್ತು ಭಾಯ್, ಕೋಟು ತೆಗೀರಿ.”

ಸಾಂಸ್ಕೃತಿಕ ರಾಯಭಾರಿಗಳು ಕೋಟು ತೆಗೆದರು. ಅವರ ಪ್ಯಾಂಟಿನ ಮೇಲೆ ಹಳೆಯ ನೀಲಿ ಬೀಸಣಿಗೆಯೊಂದನ್ನು ಪಿನ್ನು ಹಾಕಿ ಕಟ್ಟಲಾಯಿತು. ಕೈ ಸೊಂಟಕ್ಕಿಡಿ, ಮಂಡಿ ಹೊರಗೆ, ಬೆನ್ನು ನೇರ ಎಂದು ಮೆಹರುನ್ನೀಸಾ ಹೇಳುತ್ತ ಹೋದಂತೆ ಅವರು ಮೆಲ್ಲಗೆ ಅರ್ಧಕ್ಕೆ ಇಳಿದರು. ಮೂವತ್ತು ವರ್ಷ ನಾಟ್ಯದ ಉಡುಪು ಮಾರಿದ್ದರೂ ಆ ಭಂಗಿ ಎಷ್ಟು ಕಷ್ಟ ಎಂಬುದು ಅವರಿಗೆ ಅವತ್ತೇ ತಿಳಿದಿದ್ದು. ಪರದೆಯ ಆ ಕಡೆ ಹನ್ನೊಂದು ಹುಡುಗಿಯರು ಬಾಯಿ ಮುಚ್ಚಿಕೊಂಡು ಒಬ್ಬರ ಬೆನ್ನಿಗೊಬ್ಬರು ಒರಗಿ ನಕ್ಕರು. ರೇವತಿ ಗದರಿಸಿದಳು, ಆದರೆ ಅವಳೂ ಪರದೆಯಿಂದ ಸ್ವಲ್ಪ ಹೊತ್ತು ಕಾಣೆಯಾದಳು.

ಒಬ್ಬೊಬ್ಬಳಾಗಿ ಕೂತರು. ಒಬ್ಬಳಿಗೆ ಅರ್ಧ ಬೆರಳು ಕೆಳಗೆ, ಒಬ್ಬಳಿಗೆ ಇದ್ದಲ್ಲೇ ಸರಿ. ಏಳನೆಯವಳು ಈ ಎರಡು ತಿಂಗಳಲ್ಲಿ ಬೆಳೆದುಬಿಟ್ಟಿದ್ದಳು. ಅವಳಿಗೆ ಬರೋಬ್ಬರಿ ಒಂದೂವರೆ ಬೆರಳಿನ ವ್ಯತ್ಯಾಸ. ಕೆ.ಆರ್. ಪುರದಲ್ಲೇ ಹೊಲಿದಿದ್ದರೆ ಅವಳದು ಭಾನುವಾರ ಹರಿಯುತ್ತಿತ್ತು. ಮೆಹರುನ್ನೀಸಾ ಮಗಳ ಕಡೆ ನೋಡಿದರು. ಜರ್ಮನ್ ತಾಯಿ ತನ್ನದನ್ನು ಮುಗಿಸಿ ಪಕ್ಕದವಳಿಗೂ ಹೊಲಿದುಕೊಟ್ಟಳು.

ಕೊನೆಗೆ ಉಳಿದವರು ಎಂಜಿನಿಯರ್ ತಂದೆ. ಅವರು ಹೊಲಿಗೆಯ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಗುರುತು ಹಾಕಿಕೊಂಡಿದ್ದರು. ಎಲ್ಲ ಹೊಲಿಗೆಯೂ ಒಂದೇ ಸಮ, ಆದರೆ ಬೀಸಣಿಗೆಯೊಂದಿಗೆ ಪೈಜಾಮದ ಇನ್ನೊಂದು ಕಾಲೂ ಸೇರಿಕೊಂಡಿತ್ತು. ಮಗಳಿಗೆ ಕೂರಲು ಆಗಲಿಲ್ಲ, ನಡೆಯಲೂ ಆಗಲಿಲ್ಲ. ಬಿಚ್ಚಿಸಿದರು. ಎರಡನೆಯ ಸಲ ದಾರ ಎಳೆದು ಬಟ್ಟೆ ಸುಕ್ಕಾಯಿತು, ಬಿಚ್ಚಿಸಿದರು. ಮೂರನೆಯ ಸಲ ನೋಡುವವರಿಗೆ ಚೆನ್ನಾಗಿಯೇ ಇತ್ತು. ಅವರು ಹಣೆ ಒರೆಸಿಕೊಂಡು, ಸಾಕಲ್ಲವೇ, ನೋಡುವವರಿಗೆ ದೂರದಿಂದ ಕಾಣುವುದಿಲ್ಲ ಎಂದು ರೇವತಿಯ ಮೂಲಕ ಕೇಳಿಸಿದರು. ಮೆಹರುನ್ನೀಸಾ ಆ ಹುಡುಗಿಯನ್ನು ಇನ್ನೊಮ್ಮೆ ಕೂರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

“ಕಾಲು ಭಾಗ ಬಿಚ್ಚಿ ಮತ್ತೆ ಹೊಲೀಲಿ ಅಂತ ಹೇಳಮ್ಮಾ.”

ಆ ಕಡೆ ತಂದೆ ನಿಟ್ಟುಸಿರುಬಿಟ್ಟು ಕತ್ತರಿ ಕೈಗೆತ್ತಿಕೊಂಡರು. ಈ ಕಡೆಯಿಂದ ಸಣ್ಣ ದನಿಯೊಂದು ಕೇಳಿತು.

“ಆಪಾ, ನಾನು ಏಳಲಾ?”

“ಇನ್ನೊಂದು ಮೊಣಕಾಲು ಬಾಕಿ ಇದೆ ದತ್ತು ಭಾಯ್,” ಎಂದರು ಮೆಹರುನ್ನೀಸಾ, ಪರದೆಯಿಂದ ಕಣ್ಣು ಕೀಳದೆ. “ಸ್ವಲ್ಪ ಕೆಳಗೆ ಕೂತ್ಕೊಳ್ಳಿ.”